ಜೋಡಿ ಹೇಳದ ತಪ್ಪು

ಗ್ರೂಪಿನ ಮೇಡಂ ಕೊಟ್ಟೂರಿಗೆ ಬಂದ ಮೊದಲ ದಿನವೇ ಕೋಮಲಾ ಕಳ್ಳಿಯಾದಳು.

ಸಂಜೆ ಐದೂವರೆ. ಸ್ವಾಮಿ ವಾಚ್ ವರ್ಕ್ಸಿನ ಬಾಗಿಲಿಗೆ ಹೊಸದಾಗಿ ಬಂದಿದ್ದ ಸೆಕ್ಯೂರಿಟಿಯವನು, ಅವಳ ದುಪಟ್ಟಾ ಸರಿದಾಗ ಎಡಗೈ ಮೇಲೆ ಮೂರು, ಬಲಗೈ ಮೇಲೆ ಎರಡು ವಾಚು ಕಂಡು "ನಿಲ್ರಿ" ಅಂದ. ಒಳಗಿನಿಂದ ಮೇಘಾ ಮೇಡಂ ಓಡಿ ಬಂದರು. ದಾವಣಗೆರೆಯಲ್ಲಿ ಹುಟ್ಟಿ, ಮುಂಬೈಯಲ್ಲಿ ಕೆಲಸ ಮಾಡುವ, ಹೈಹೀಲ್ಸ್ ಹಾಕಿಕೊಂಡೂ ಓಡಬಲ್ಲ ಹೆಂಗಸು.

"ಐದು ವಾಚಾ! ಇದೇನ್ರೀ ಇದು, ಹಾಡಹಗಲೇ?"

"ಇವು ನನ್ನವಲ್ರಿ ಮೇಡಂ," ಅಂದಳು ಕೋಮಲಾ.

"ನಾನೂ ಅದೇ ಹೇಳ್ತಿರೋದು!"

"ಅವು ನನ್ನವು ಮೇಡಂ," ಅಂತ ಹಿಂದಿನಿಂದ ದನಿ ಬಂತು. ಸಿದ್ದಲಿಂಗ ಬೆಂಚಿನಿಂದ ಎದ್ದಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇದ್ದ, ಇನ್ನೊಂದು ಕಣ್ಣು ಕೋಮಲಾಳ ಮೇಲಿತ್ತು. "ನಾ ಕೂಡಿಸಿದವು. ಆಕಿ ಕೈಯಾಗ ಇರಬೇಕು. ಇಲ್ಲಾಂದ್ರ ಅವಕ್ಕ ಟೈಮೇ ತಿಳಿಯಂಗಿಲ್ಲ."

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕೋಮಲಾಳಿಗೆ ಮಾತ್ರ ಕಿವಿ ಬಿಸಿಯಾಯಿತು. ಐದು ವರ್ಷದಿಂದ ಈ ಮನುಷ್ಯ ಹೀಗೇ. ಮಂದಿಯ ಮುಂದೆ ಅರ್ಧ ಮಾತು ಎಸೆಯುವುದು, ಉಳಿದರ್ಧ ಕಣ್ಣಲ್ಲಿಟ್ಟುಕೊಂಡು ಮತ್ತೆ ಬೆಂಚಿಗೆ ಬಗ್ಗುವುದು. ಆ ಉಳಿದರ್ಧವನ್ನು ಹೊತ್ತುಕೊಂಡು ಅವಳು ದಿನಾ ಹರಪನಹಳ್ಳಿ ಬಸ್ ಹತ್ತುತ್ತಿದ್ದಳು.

ಸ್ವಾಮಿ ವಾಚ್ ವರ್ಕ್ಸ್ ಅಂದರೆ ದೊಡ್ಡ ಕಾರ್ಖಾನೆಯೇನಲ್ಲ. ಸ್ಟೇಷನ್ ರಸ್ತೆಯಲ್ಲಿ ಒಂದು ಹಳೇ ಮಹಡಿ ಮನೆ, ಹನ್ನೆರಡು ಬೆಂಚು. ಯಜಮಾನ ಕೊಟ್ರಸ್ವಾಮಿಯವರ ತಂದೆ ಊರೂರು ತಿರುಗಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಗ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲೋ ಮುಚ್ಚಿದ ಕಾರ್ಖಾನೆಯ ಬಿಡಿಭಾಗಗಳನ್ನು ಲಾರಿ ತುಂಬಿಸಿ ತಂದು, ಕೀ ಕೊಡುವ ಕೈಗಡಿಯಾರ ಮಾಡತೊಡಗಿದರು. ಡಯಲ್ ಮೇಲೆ ಕನ್ನಡ ಅಂಕಿ. ಮೊದಮೊದಲು ಮಾಸ್ತರರು, ಕಂಡಕ್ಟರುಗಳು ಕೊಂಡರು. ಆಮೇಲೆ ಯಾರೋ ಪುಣ್ಯಾತ್ಮರು ಇನ್‌ಸ್ಟಾಗ್ರಾಮಿಗೆ ಹಾಕಿದರು ನೋಡಿ, ಪುಣೆಯಿಂದ, ಸಿಂಗಪುರದಿಂದ ಆರ್ಡರು ಬರತೊಡಗಿದವು.

ಕೊನೆಗೆ ಫ್ರಾನ್ಸಿನಿಂದ ಗ್ರೂಪೇ ಬಂತು. ಅತ್ತರು, ಚರ್ಮದ ಬ್ಯಾಗು, ವಜ್ರದುಂಗುರ ಮಾರುವ ಹತ್ತಾರು ಕಂಪನಿಗಳನ್ನು ಕೊಂಡು ಕಟ್ಟಿಕೊಂಡ ಸಂಸ್ಥೆ. ಅದರ ನಿಜವಾದ ಹೆಸರು ಕೊಟ್ಟೂರಿನ ಯಾರ ನಾಲಿಗೆಗೂ ಹೊರಳಲಿಲ್ಲ. ಹೀಗಾಗಿ ಎಲ್ಲರ ಬಾಯಲ್ಲೂ ಅದು ಬರೀ 'ಗ್ರೂಪ್'.

ಇನ್ನು ಕೋಮಲಾಳ ಕೈಮೇಲಿನ ಐದು ವಾಚಿನ ವಿಷಯ. ಅಲ್ಲಿಯ ಪದ್ಧತಿಗೆ 'ವಾರ ಕಟ್ಟೋದು' ಅನ್ನುತ್ತಿದ್ದರು. ತಯಾರಾದ ವಾಚು ಏಳು ದಿನ ಯಾರದಾದರೂ ಕೈಮೇಲೆ ಓಡಬೇಕು. ರೊಟ್ಟಿ ಬಡಿಯುವಾಗ, ಬಸ್ಸಿನ ಕಂಬಿ ಹಿಡಿದಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ. ಆದರೆ ಮಾಡಿದವರ ಕೈಮೇಲಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ತಾನು ಮಾಡಿದ ವಾಚಿನ ತಪ್ಪು ತನಗೆ ಕಾಣುವುದಿಲ್ಲ. ಅದಕ್ಕೇ ಯಜಮಾನರು ಇಬ್ಬಿಬ್ಬರನ್ನು ಜೋಡಿ ಹಾಕಿದ್ದರು. ಇವನು ಮಾಡಿದ್ದನ್ನು ಅವಳು ಕಟ್ಟಬೇಕು, ಅವಳು ಮಾಡಿದ್ದನ್ನು ಇವನು. ತಪ್ಪು ಕಂಡರೆ ಜೋಡಿಗೆ ಹೇಳಬೇಕು. ಬಿಚ್ಚಿ ಸರಿ ಮಾಡುವುದು ಮಾಡಿದವರದೇ ಕೆಲಸ. ಜೋಡಿಯ ವಾಚನ್ನು ತಾನು ಬಿಚ್ಚುವುದಕ್ಕಿಂತ ದೊಡ್ಡ ಅಪರಾಧ ಆ ಮನೆಯಲ್ಲಿರಲಿಲ್ಲ.

ಸಿದ್ದಲಿಂಗನ ಜೋಡಿ ಕೋಮಲಾ. ಐದು ವರ್ಷ ಅವನ ವಾಚುಗಳು ಅವಳ ಮೈಯ ಬಿಸಿಯಲ್ಲಿ ಓಡಿದ್ದವು, ಅವಳವು ಅವನ ಮೈಯ ಬಿಸಿಯಲ್ಲಿ. ಸೋಮವಾರ ಬೆಳಿಗ್ಗೆ ಬಿಚ್ಚಿ ಕೊಡುವಾಗ ಪಟ್ಟಿ ಇನ್ನೂ ಬೆಚ್ಚಗಿರುತ್ತಿತ್ತು. ಆ ಬಿಸಿಯನ್ನು ಇಬ್ಬರೂ ಗಮನಿಸುತ್ತಿದ್ದರು, ಗಮನಿಸಲಿಲ್ಲ ಅನ್ನುವ ಹಾಗೆ ಇರುತ್ತಿದ್ದರು. ಮಂದಿಯ ಮುಂದೆ 'ಬರ್ರಿ, ಹೋಗ್ರಿ'. ಇಬ್ಬರೇ ಬಸ್ ಸ್ಟ್ಯಾಂಡಿನ ತನಕ ನಡೆಯುವಾಗ 'ನೀನು'.

"ನಾಲ್ಕು ಸೆಕೆಂಡ್ ಹಿಂದ ಓಡ್ತೈತಿ ನಿಂದು," ಅನ್ನುತ್ತಿದ್ದ ಅವನು.

"ನಾಲ್ಕು ಸೆಕೆಂಡ್ ಯಾರು ನೋಡ್ತಾರ?"

"ನಾ ನೋಡ್ತೀನಲ್ಲ."

"ಮತ್ತೇನು ನೋಡ್ತಿ?"

"ಅದನ್ನ ವಾಚಿನ ಲೆಕ್ಕದಾಗ ಹೇಳಾಕ ಬರಂಗಿಲ್ಲ," ಅಂದು ಅವನು ಮಿರ್ಚಿ ಅಂಗಡಿಯ ಕಡೆ ತಿರುಗುತ್ತಿದ್ದ.

ಇದೆಲ್ಲ ನಿಲ್ಲುತ್ತದೆ ಅಂತ ಮೇಘಾ ಮೇಡಂ ಎರಡನೇ ವಾರ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಆ ಹೊತ್ತಿಗೆ ಗೋಡೆಗೆ ಬಿಳಿ ಬಣ್ಣ ಬಂದಿತ್ತು. ಎಸಿ ಬಂದಿತ್ತು. ಎಲ್ಲರ ಮೈಮೇಲೂ ಬಿಳಿ ಕೋಟು, ಪ್ರತಿ ಬೆಂಚಿನ ನೆತ್ತಿಯ ಮೇಲೂ ಒಂದು ಕ್ಯಾಮೆರಾ.

"ನಿಮ್ಮ ಪದ್ಧತಿ ತುಂಬಾ ಚೆನ್ನಾಗಿದೆ. ಬ್ರೋಷರ್‌ನಲ್ಲಿ ಖಂಡಿತ ಹಾಕ್ತೀವಿ," ಅಂದರು ಮೇಡಂ. "ಆದ್ರೆ ಅಷ್ಟು ದುಡ್ಡು ಕೊಡೋರು ಇನ್ನೊಬ್ಬರ ಬೆವರು ಹತ್ತಿದ ವಾಚ್ ಹಾಕ್ಕೊಳ್ಳಲ್ಲ ಅಲ್ವಾ? ಈ ಬ್ಯಾಚೇ ಕೊನೇದು. ಮುಂದೆ ಮಷೀನ್ ಬರುತ್ತೆ, ಏಳು ದಿನ ಅದೇ ತಿರುಗಿಸಿ ನೋಡುತ್ತೆ. ಒಂದು ವಾಚಿಗೆ ಒಂದೇ ಕೈ. ಮಾಡಿದವರ ಹೆಸರು ಹಿಂದುಗಡೆ ಕೆತ್ತಿರುತ್ತೆ."

ಆಮೇಲೆ ಒಂದೊಂದು ಫಾರಂ ಹಂಚಿದರು. ಅದರಲ್ಲಿ ಎರಡು ದಾರಿ. ಬೆಂಚು ಬೇಕಾದವರು ಪರೀಕ್ಷೆಗೆ ಕೂರಬೇಕು: ಕ್ಯಾಮೆರಾ ಕೆಳಗೆ ಮೂರು ವಾಚು, ಬೇರೆ ಯಾರೂ ಮುಟ್ಟುವಂತಿಲ್ಲ. ಪಾಸಾದವರಲ್ಲಿ ಒಬ್ಬರು 'ಮಾಸ್ಟರ್'. ಫೇಲಾದವರಿಗೆ ಪರಿಹಾರ ಕೊಟ್ಟು ಮನೆಗೆ. ಪರೀಕ್ಷೆ ಬೇಡ ಅನ್ನುವವರು ಸರ್ವಿಸ್ ಟೇಬಲ್ಲಿಗೆ ಹೋಗಬಹುದು. ವಾಪಸ್ ಬಂದ ವಾಚಿಗೆ ಏನಾಗಿದೆ ಅಂತ ಪತ್ತೆಹಚ್ಚಿ ಬರೆದುಕೊಟ್ಟರಾಯಿತು. ಸಂಬಳ ಸ್ವಲ್ಪ ಕಡಿಮೆ, ಹೆಸರು ಎಲ್ಲೂ ಇರುವುದಿಲ್ಲ. ಸೋಮವಾರದೊಳಗೆ ಸಹಿ ಮಾಡಿ ಕೊಡಬೇಕು, ಸಹಿಯಾದ ಮೇಲೆ ಬದಲಾಯಿಸುವಂತಿಲ್ಲ.

ಎಲ್ಲರೂ ಗೊಣಗುತ್ತ ಎದ್ದರು. ಕೋಮಲಾ ಏಳಲಿಲ್ಲ.

ಯಾಕೆಂದರೆ ಒಂದೂವರೆ ವರ್ಷದಿಂದ ಅವಳು ಆ ಮನೆಯ ದೊಡ್ಡ ಅಪರಾಧವನ್ನು ಮಾಡುತ್ತ ಬಂದಿದ್ದಳು.

ಶುರುವಾದದ್ದು ಒಂದೇ ಒಂದು ವಾಚಿನಿಂದ. ಸಿದ್ದಲಿಂಗ ಮಾಡಿದ ವಾಚು ಅವಳ ಕೈಮೇಲೆ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡಿತ್ತು. ಅವನ ಕೈಯಿಂದ ಅಂಥದು ಬಂದದ್ದೇ ಇಲ್ಲ. ಮನೆಯಲ್ಲಿ ಬಿಚ್ಚಿ ನೋಡಿದರೆ ಒಳಗಿನ ಹೇರ್‌ಸ್ಪ್ರಿಂಗ್, ಕೂದಲೆಳೆಗಿಂತ ಸಣ್ಣ ಆ ಸುರುಳಿ, ಒಂದು ಕಡೆ ನಲುಗಿ ಸುತ್ತಿಗೆ ಸುತ್ತು ತಾಗುತ್ತಿತ್ತು. ಚಿಮಟ ನಡುಗಿದರೆ ಮಾತ್ರ ಹಾಗಾಗುತ್ತದೆ. ಆಗ ಅವಳಿಗೆ ನೆನಪಾಯಿತು, ಇತ್ತೀಚೆಗೆ ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಅವನಪ್ಪನಿಗೂ ಕೈ ನಡುಗುತ್ತಿತ್ತು ಅಂತ ಅವನೇ ಯಾವತ್ತೋ ಹೇಳಿದ್ದ.

ಹೇಳಬೇಕಿತ್ತು. ಹೇಳಲಿಲ್ಲ. ವಾರದ ಆಯಾಸ ಇರಬೇಕು, ಸರಿಹೋಗುತ್ತದೆ ಅಂದುಕೊಂಡು ತಾನೇ ನೇರ ಮಾಡಿ ಮುಚ್ಚಿದಳು. ಸೋಮವಾರ ಅವನು "ಹೆಂಗೈತಿ?" ಅಂದ. "ತಪ್ಪೇನಿಲ್ಲ," ಅಂದಳು. ಅವನ ಮುಖ ಅರಳಿತು. ಆ ಮುಖಕ್ಕೆ ಅವಳು ಸೋತುಬಿಟ್ಟಳು, ನೋಡಿ. ಮೊದಲು ಹತ್ತರಲ್ಲಿ ಒಂದು ವಾಚು, ಆಮೇಲೆ ಐದರಲ್ಲಿ ಎರಡು, ಈಗ ಐದರಲ್ಲಿ ನಾಲ್ಕು. ಪ್ರತಿ ಸೋಮವಾರವೂ ಅದೇ "ತಪ್ಪೇನಿಲ್ಲ". ಉಗುರಿನಲ್ಲಿ ಹೋಗುತ್ತಿದ್ದುದು ಈಗ ಕೊಡಲಿಗೆ ಬಂದು ನಿಂತಿತ್ತು.

ಗುರುವಾರ ಪ್ಯಾರಿಸ್ಸಿನಿಂದ ಬಂದ ಫೋಟೋಗ್ರಾಫರ್ ಹನ್ನೆರಡು ಜನರ ಕೈ ನೋಡಿ ಸಿದ್ದಲಿಂಗನದೇ ಆರಿಸಿದ. ಉದ್ದ ಬೆರಳು, ಉಗುರಿನ ಬುಡದಲ್ಲಿ ಎಣ್ಣೆಯ ಗೆರೆ. ಬೆಳಕು ಹೊಂದಿಸಿ, ಚಿಮಟ ಹಿಡಿಸಿ, ನೂರಾರು ಸಲ ಕ್ಲಿಕ್ಕಿಸಿದ. ಜಾಹೀರಾತಿಗೆ ಇವೇ ಕೈ ಅಂತ ಮೇಡಂ ಚಪ್ಪಾಳೆ ತಟ್ಟಿದರು.

ಅವತ್ತು ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಎರಡು ಪ್ಲೇಟ್ ಹೇಳಿದ.

"ನನ್ನ ಕೈ ಪ್ಯಾರಿಸ್ಸಿಗೆ ಹೊಂಟಾವು, ನಾ ಮಾತ್ರ ಇಲ್ಲೇ ಮಿರ್ಚಿ ತಿಂತೀನಿ," ಅಂತ ನಕ್ಕ. ಅವಳು ನಗಲಿಲ್ಲ. ಅವನು ಅವಳ ಮುಖವನ್ನು ಹೊಸ ಡಯಲ್ ನೋಡುವವನ ಹಾಗೆ ಓರೆಯಾಗಿ ನೋಡಿದ. "ಯಾಕ, ನಿನ್ನ ಕೈ ಆರಿಸ್ಲಿಲ್ಲ ಅಂತ ಸಿಟ್ಟೇನು?"

"ಸಿಟ್ಟಿಲ್ಲ. ಫಾರಂ ಏನು ಮಾಡ್ದಿ?"

"ಬೆಂಚು. ಸೋಮವಾರ ಸಹಿ ಹಾಕಿ ಕೊಡ್ತೀನಿ. ಇನ್ನೇನು ಮಾಡ್ಲಿ?"

"ಸರ್ವಿಸ್ ಟೇಬಲ್ಲೂ ಚಲೋ ಐತಿ. ಕಿವಿಗೆ ಹಿಡಿದ್ರ ಸಾಕು, ವಾಚಿನ ಯಾವ ಹಲ್ಲು ಸವೆದೈತಿ ಅಂತ ಹೇಳ್ತಿ ನೀನು. ಅಂಥಾ ಕಿವಿ ಯಾರಿಗೈತಿ?"

"ಏನು ಮಾತಾಡ್ತಿ! ಮುದುಕರ ಕೆಲಸ ಅದು." ಅವನು ಪ್ಲೇಟು ಪಕ್ಕಕ್ಕಿಟ್ಟ. ತಲೆ ತಗ್ಗಿಸಿದ. ಕಿವಿಯ ತುದಿ ಕೆಂಪಾಗಿತ್ತು. "ಕೇಳಿಲ್ಲಿ. ಟೆಸ್ಟ್ ಪಾಸಾಗ್ಲಿ. ಮಾಸ್ಟರ್ ಆದ ಮರುದಿನ ನಿಮ್ಮ ಮನಿಗೆ ಬರ್ತೀನಿ. ನಿಮ್ಮಪ್ಪನ ಕೂಡ ಮಾತಾಡ್ತೀನಿ."

ಐದು ವರ್ಷ ಅವಳು ಕಾದದ್ದು ಈ ಒಂದು ಮಾತಿಗೆ. ಅದು ಬಂದೇ ಬಿಟ್ಟಿತು, ಬರಬಾರದ ಹೊತ್ತಿಗೆ. ಬಾಯಲ್ಲಿದ್ದದ್ದು ಬಿಸಿತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. "ಬಸ್ ಬಂತು," ಅಂದು ಓಡಿಬಿಟ್ಟಳು.

ಶನಿವಾರ ಬೆಳಿಗ್ಗೆ ಅವಳು ಯಜಮಾನರ ಕೋಣೆಗೆ ಹೋದಳು. ಎಪ್ಪತ್ತೆರಡರ ಕೊಟ್ರಸ್ವಾಮಿ ಈಗ ಬಾಗಿಲ ಪಕ್ಕದ ಗಾಜಿನ ಕೋಣೆಯಲ್ಲಿ, ಎದೆಯ ಮೇಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕಸೂತಿ ಮಾಡಿದ ಬಿಳಿ ಕೋಟು ತೊಟ್ಟು ಸುಮ್ಮನೆ ಕೂರುತ್ತಿದ್ದರು. ಬಂದ ಅತಿಥಿಗಳಿಗೆ ಮೇಡಂ ಅವರನ್ನು ತೋರಿಸುತ್ತಿದ್ದರು.

ಕೋಮಲಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಇದನ್ನ ಯಾಕ ಮಾರಿದೆ ಅಂತ ಗೊತ್ತೇನವ್ವಾ ನಿನಗ?"

"ವಯಸ್ಸಾತು ಅಂತ ಅಂದಿದ್ರಿ."

"ವಯಸ್ಸು ಎಲ್ಲಾರಿಗೂ ಆಗ್ತೈತಿ. ನನ್ನ ಕಣ್ಣಿಗೆ ಪೊರಿ ಬಂದಿತ್ತು. ಎರಡು ವರ್ಷ ನಾ ಸೊಟ್ಟ ಕೂಡಿಸಿದ್ದನ್ನೆಲ್ಲ ನೀವು ಹನ್ನೆರಡು ಮಂದಿ ಸೇರಿ ಮತ್ತ ಬಿಚ್ಚಿ ಮಾಡಿದ್ರಿ. ಯಜಮಾನ್ರಿಗೆ ಬ್ಯಾಸರ ಆಗ್ತೈತಿ ಅಂತ ಒಬ್ಬರೂ ಬಾಯಿ ಬಿಡ್ಲಿಲ್ಲ. ಕಡೀಕ ಪುಣೆದ ಗಿರಾಕಿ ಒಬ್ಬ ಫೋನಿನ್ಯಾಗ ಹೇಳಿದ. ಅವತ್ತೇ ಗ್ರೂಪಿನವರಿಗೆ ಹೂಂ ಅಂದೆ. ನನಗ ನಿಜ ಹೇಳೋರು ಇಲ್ದ ಮನ್ಯಾಗ ನಾ ಹೆಂಗ ಯಜಮಾನ ಆಗಿರ್ಲಿ?"

ಆ ಹನ್ನೆರಡು ಮಂದಿಯಲ್ಲಿ ಕೋಮಲಾಳೂ ಇದ್ದಳು. ಅವಳಿಗೆ ತಲೆ ಎತ್ತಲಾಗಲಿಲ್ಲ.

"ಜೋಡಿ ಹಾಕಿದ್ದು ತಪ್ಪು ಹೇಳಾಕ, ಮುಚ್ಚಾಕಲ್ಲ," ಅಂದರು ಯಜಮಾನರು. "ಅವನು ಸಹಿ ಮಾಡೋ ಮೊದ್ಲು ಹೇಳು. ಕ್ಯಾಮೆರಾ ಹೇಳಾಕಿಂತ ನೀ ಹೇಳಿದ್ರ ಚಲೋ."

ಮಧ್ಯಾಹ್ನ ಊಟದ ಹೊತ್ತಿಗೆ ಅವನನ್ನು ರೈಲ್ವೆ ಸ್ಟೇಷನ್ನಿಗೆ ಕರೆದಳು. ಒಂದು ರೈಲು ಹೋಗಿ ಇನ್ನೊಂದು ಬರುವ ತನಕ ಅಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಬೇವಿನ ನೆರಳಿನ ಕಲ್ಲು ಬೆಂಚಿನ ಮೇಲೆ ಅವನು ಬುತ್ತಿ ಬಿಚ್ಚಿದ. ರೊಟ್ಟಿ ಮುರಿಯುವ ಬೆರಳು ಸಣ್ಣಗೆ ನಡುಗುತ್ತಿತ್ತು. ಇವತ್ತು ಅವಳು ಬೇರೆ ಕಡೆ ನೋಡಲಿಲ್ಲ.

"ಎಸಿ ಥಂಡಿ," ಅಂದ, ಅವಳು ನೋಡಿದ್ದನ್ನು ಕಂಡು.

"ಇಲ್ಲಿ ಎಸಿ ಇಲ್ಲಲ್ಲ, ಸಿದ್ದೂ."

ಅವನು ನಗಲು ನೋಡಿದ. ಅವಳು ಹೇಳತೊಡಗಿದಳು. ಮೊದಲ ವಾಚು, ನಾಲ್ಕು ನಿಮಿಷ, ನಲುಗಿದ ಸುರುಳಿ, ತಾನು ಬಿಚ್ಚಿದ್ದು, ಆಮೇಲೆ ಬಿಚ್ಚುತ್ತಲೇ ಹೋದದ್ದು. ಅಡ್ಡಗೋಡೆಯ ಮೇಲೆ ದೀಪ ಇಡಲು ಹೋಗಲಿಲ್ಲ, ಎಲ್ಲವನ್ನೂ ನೇರವಾಗಿ ಹೇಳಿದಳು. ಯಾಕೆ ಮಾಡಿದೆ ಅನ್ನುವುದು ಬಂದಾಗ ಮಾತ್ರ ದನಿ ಒಡೆಯಿತು.

"ನಿನ್ನ ಮ್ಯಾಲ ಮನಸಿತ್ತು, ಅದಕ್ಕ. ಈಗೂ ಐತಿ."

ಎಂಥ ಹೊತ್ತಿನಲ್ಲಿ ಹೇಳಿದಳು! ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ.

"ಸುಳ್ಳು," ಅಂದ. "ನಾ ಬೆಂಚಿಗೆ ಕುಂದರಬಾರ್ದು ಅಂತ ಹೇಳಾಕತ್ತಿ."

ಅವಳು ಎಡ ತೋಳು ಮೇಲೆ ಸರಿಸಿದಳು. ಕೊನೆಯ ಬ್ಯಾಚಿನ ವಾಚುಗಳು ಅಲ್ಲಿದ್ದವು. "ಇವನ್ನ ನಾ ಇನ್ನೂ ಬಿಚ್ಚಿಲ್ಲ. ನೀನೇ ಕೇಳು."

ತಾನು ಮಾಡಿದ ವಾಚನ್ನು ವಾರದೊಳಗೆ ಕಿವಿಗೆ ಹಿಡಿಯುವ ಪದ್ಧತಿ ಇರಲಿಲ್ಲ. ಆದರೂ ಅವನು ಒಂದನ್ನು ಅವಳ ಕೈಯಿಂದ ಬಿಚ್ಚಿ ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ಬೇರೆಯವರ ವಾಚಿನ ತಪ್ಪು ಕೇಳುವಾಗ ಅವನ ಹುಬ್ಬು ಗಂಟಾಗುತ್ತಿದ್ದುದನ್ನು ಅವಳು ನೂರು ಸಲ ನೋಡಿದ್ದಳು. ಈಗಲೂ ಗಂಟಾಯಿತು. ಟಿಕ್‌ಗೂ ಟಿಕ್‌ಗೂ ನಡುವೆ ಏನೋ ತೆವಳುವ ಸದ್ದು, ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯದನ್ನು ಕೇಳಿದ. ಮೂರನೆಯದನ್ನೂ ಕೇಳಿದ. ಮೂರನ್ನೂ ಅವಳ ಪಕ್ಕ ಕಲ್ಲಿನ ಮೇಲಿಟ್ಟ.

"ಕೈ ನಡಗೋದು ನಂಗೂ ಗೊತ್ತಿತ್ತು," ಅಂದ ಕೊನೆಗೆ. ದನಿ ಸಣ್ಣಗಿತ್ತು. "ಮೊದ್ಲು ಹೆದರಿಕಿ ಆಗಿತ್ತು. ದಾವಣಗೆರಿಗೆ ಹೋಗಿ ಡಾಕ್ಟರಿಗೆ ತೋರಿಸಬೇಕು ಅಂತ ಇದ್ದೆ. ಆದ್ರ ಪ್ರತೀ ಸೋಮವಾರ ಜೋಡಿ 'ತಪ್ಪೇನಿಲ್ಲ' ಅಂತಾಳ. ಹಂಗಂದ ಮ್ಯಾಲ ಕೈ ನಡಗಿದ್ರೂ ಕೆಲಸ ಕೆಟ್ಟಿಲ್ಲ ಅಂತ ನಂಬಿದೆ. ನನ್ನ ಕೈಗಿಂತ ನಿನ್ನ ಮಾತು ಹೆಚ್ಚಿಗಿ ನಂಬಿದೆ."

"ಸಿದ್ದೂ..."

"ನಿನ್ನ ವಾಚಿಂದು ನಾಲ್ಕು ಸೆಕೆಂಡೂ ಬಿಡ್ಲಿಲ್ಲ ನಾನು. ಒಂದ್ಸಲ ಅತ್ತಿದ್ದಿ, ಆದ್ರೂ ಹೇಳ್ದೆ. ನಿನ್ನ ಕೈ ಮ್ಯಾಲ ನಂಗ ಅಷ್ಟು ಮರ್ಯಾದಿ ಇತ್ತು." ಅವನು ಬುತ್ತಿ ಕಟ್ಟಿದ. ಅರ್ಧ ರೊಟ್ಟಿ ನಾಯಿಗೆ ಹಾಕಿದ. "ಊಟ ಮಾಡ್ರಿ. ಹೊತ್ತಾತು. ನಾ ಬರ್ತೀನ್ರಿ."

ಇಬ್ಬರೇ ಇದ್ದಾಗ ಅವನು ಅವಳಿಗೆ 'ರಿ' ಅಂದದ್ದು ಅದೇ ಮೊದಲು. ಬೈದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಭಾನುವಾರ ಅವಳ ಫೋನ್ ಒಂದು ಸಲವೂ ಬಡಿಯಲಿಲ್ಲ. ಅವ್ವ ಗಾಳೆಮ್ಮ ಮುದ್ದೆ ತಿರುವುತ್ತ "ಏನಾಗೈತಿ ನಿನಗ?" ಅಂತ ಎರಡು ಸಲ ಕೇಳಿದಳು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಅಪ್ಪ ಪಕ್ಕೀರಪ್ಪ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದ. ಹಟಕ್ಕೆ ಬಿದ್ದು ಸಿದ್ದಲಿಂಗ ಬೆಂಚಿಗೇ ಸಹಿ ಹಾಕಿದರೆ? ಕ್ಯಾಮೆರಾ ಕೆಳಗೆ, ಎಲ್ಲರ ಮುಂದೆ, ಆ ಕೈ ನಡುಗಿದರೆ? ಅವಳಿಗೆ ಇನ್ನೊಂದು ಭಯವೂ ಇತ್ತು. ಅವನು ಸಹಿ ಹಾಕದಿದ್ದರೂ ಇನ್ನು ಮುಂದೆ ತನ್ನೊಂದಿಗೆ 'ರಿ' ಹಚ್ಚಿಯೇ ಮಾತಾಡಿದರೆ ಅನ್ನುವುದು.

ಸೋಮವಾರ ಅವಳು ಒಳಗೆ ಕಾಲಿಟ್ಟಾಗ ಅವನ ಬೆಂಚು ಖಾಲಿ ಇತ್ತು. ಅವನು ಮೇಘಾ ಮೇಡಂ ಕೋಣೆಯಲ್ಲಿದ್ದ. ಅವಳನ್ನೂ ಕರೆದರು.

"ಇವ್ರು ಏನೋ ಹೇಳ್ತಿದಾರೆ. ಒಂದೂವರೆ ವರ್ಷದಿಂದ ಇವರ ವಾಚ್‌ಗಳು ಇವರದಲ್ವಂತೆ, ನಿಮ್ಮದಂತೆ. ಹೌದಾ?"

ಸಿದ್ದಲಿಂಗ ಅವಳ ಕಡೆ ನೋಡಲಿಲ್ಲ. ಅವನ ಎರಡೂ ಕೈ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗಿದ್ದವು, ನಡುಗುತ್ತಿದ್ದವು. ಅವನು ಮುಚ್ಚಿಡಲಿಲ್ಲ.

"ಅವು ಅವ್ರವೇ ಮೇಡಂ. ಹೇರ್‌ಸ್ಪ್ರಿಂಗ್ ಅಷ್ಟ ನಾ ನೇರ ಮಾಡೀನಿ," ಅಂದಳು ಕೋಮಲಾ.

"ಅದೇ ವಾಚಿನ ಜೀವ ಮೇಡಂ," ಅಂದ ಅವನು.

ಮೇಡಂ ಗಲ್ಲಕ್ಕೆ ಕೈ ಕೊಟ್ಟರು. ಕೆಟ್ಟವರೇನಲ್ಲ ಅವರು, ಲೆಕ್ಕದ ಹೆಂಗಸು. "ಸರಿ. ಕೋಮಲಾ, ನೀವು ಬುಧವಾರ ಟೆಸ್ಟಿಗೆ ಕೂತ್ಕೊಳ್ಳಿ. ಇಷ್ಟು ಮಾಡೋರು ಸುಲಭವಾಗಿ ಪಾಸಾಗ್ತೀರಿ. ಸಿದ್ದಲಿಂಗ, ಯೋಚ್ನೆ ಮಾಡ್ಬೇಡಿ. ನಿಮ್ಮ ಫೋಟೋ ಆಗ್ಲೇ ಪ್ಯಾರಿಸ್‌ಗೆ ಹೋಗಿದೆ, ಫೋಟೋದಲ್ಲಿ ಕೈ ನಡುಗಲ್ಲ. ಮುಂಬೈ ಶೋರೂಮ್‌ಗೆ ಬನ್ನಿ. ಗಾಜಿನ ಹಿಂದೆ ಚಿಮಟ ಹಿಡ್ಕೊಂಡು ಕೂತಿದ್ರೆ ಸಾಕು, ಏನೂ ಮಾಡೋದು ಬೇಡ. ಸಂಬಳ ಡಬಲ್."

"ಮಾಡೋರ ಹಂಗ ಕುಂದ್ರೋದೇನ್ರಿ?"

"ಹಾಗೇ ಅನ್ಕೊಳ್ಳಿ."

"ಬ್ಯಾಡ್ರಿ. ಒಂದೂವರಿ ವರ್ಷ ಗೊತ್ತಿಲ್ದೇ ಅದನ್ನ ಮಾಡೀನಿ. ಗೊತ್ತಿದ್ದೂ ಮಾಡಂಗಿಲ್ಲ." ಅವನು ಫಾರಂ ಮೇಡಂ ಕಡೆ ಸರಿಸಿದ. ಸರ್ವಿಸ್ ಟೇಬಲ್ ಅನ್ನುವುದರ ಎದುರು ಅಂಕುಡೊಂಕಾಗಿ ಸಹಿ ಇತ್ತು. "ಕಿವಿ ಇನ್ನೂ ನಡಗಿಲ್ರಿ. ಆ ಫೋಟೋ ಒಂದು ಜಾಹೀರಾತಿನಿಂದ ತೆಗಸ್ರಿ."

"ಅದು ನನ್ನ ಕೈಯಲ್ಲಿಲ್ಲ," ಅಂದರು ಮೇಡಂ. ಅದು ನಿಜವೂ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸಿದ್ದಲಿಂಗ ತನ್ನ ಚಿಮಟಗಳನ್ನೆಲ್ಲ ಒರೆಸಿ ಕೋಮಲಾಳ ಬೆಂಚಿನ ಮೇಲಿಟ್ಟು ಹೋದ. ಅವಳು ಅವನ್ನು ಮುಟ್ಟದೆ ಕೂತಳು. ಕಣ್ಣಿಗೆ ಸಿಕ್ಕಿಸಿದ ಗಾಜು ಮಂಜಾಗಿ ಕೆಲಸ ನಿಂತಿತು.

ಸಂಜೆ ಅವಳು ಒಬ್ಬಳೇ ಬಸ್ ಸ್ಟ್ಯಾಂಡಿಗೆ ನಡೆದಳು. ಮಿರ್ಚಿ ಅಂಗಡಿ ದಾಟಿದಾಗ ಪಕ್ಕದಲ್ಲಿ ಪರಿಚಿತ ಚಪ್ಪಲಿ ಸದ್ದು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

"ಸಿಟ್ಟು ಹೋಗಿಲ್ಲ," ಅಂದ ಸಿದ್ದಲಿಂಗ.

"ಹೋಗೋದು ಬ್ಯಾಡ. ಇರ್ಲಿ," ಅಂದಳು.

"ನಿನ್ನೆ ದಾವಣಗೆರಿಗೆ ಹೋಗಿದ್ದೆ. ಅಪ್ಪನಿಂದ ಬಂದೈತಂತ. ಗುಳಿಗಿ ಕೊಟ್ಟಾರ. ಕಡಿಮಿ ಆಗಬಹುದು, ಪೂರಾ ಹೋಗಂಗಿಲ್ಲ ಅಂದ್ರು."

"ಮೊದ್ಲೇ ಹೋಗಿದ್ರ..."

"ಅದನ್ನೂ ಕೇಳ್ದೆ. ಮೊದ್ಲೇ ಹೋಗಿದ್ರೂ ಇಷ್ಟೇ ಅಂದ್ರು." ಅವನು ಹೆಜ್ಜೆ ನಿಧಾನ ಮಾಡಿದ. "ಹಂಗಂತ ನಿನ್ನ ತಪ್ಪು ಕಡಿಮಿ ಆಗಂಗಿಲ್ಲ."

"ಆಗಂಗಿಲ್ಲ."

"ನನ್ನೊಳಗ ಇನ್ನ ಏನೇನು ಕಂಡು ಮುಚ್ಚಿಟ್ಟಿ? ಈಗ್ಲೇ ಹೇಳ್ಬಿಡು. ಮತ್ತ ಒಂದೂವರಿ ವರ್ಷ ಬ್ಯಾಡ."

ಅವಳು ನಿಂತಳು. ಅವನನ್ನು ನೇರವಾಗಿ ನೋಡಿದಳು. ಎರಡು ದಿನ ಗಡ್ಡ ಬಿಟ್ಟ ಮುಖ, ನಿದ್ದೆಯಿಲ್ಲದ ಕಣ್ಣು. ಆ ಮುಖದ ಮೇಲೆ ಅವಳಿಗೆ ಪ್ರೀತಿ ಉಕ್ಕಿತು, ಅದರ ಜೊತೆಗೇ ಒಂದು ಹಳೇ ಸಿಟ್ಟೂ ಎದ್ದಿತು.

"ಒಂದೈತಿ. ಟೆಸ್ಟ್ ಪಾಸಾದ್ರ ಮನಿಗೆ ಬರ್ತೀನಿ ಅಂದಿ. ಪಾಸಾಗ್ಲಿಲ್ಲ ಅಂದ್ರ? ಫೇಲಾದೋನಿಗೆ ನಾ ಬಾಗಿಲಾ ತೆಗಿಯಂಗಿಲ್ಲ ಅಂತ ನಿಂಗ ಯಾರು ಹೇಳಿದ್ರು? ಮಾಸ್ಟರ್‌ಗೆ ಕೊಡೋ ಇನಾಮೇನು ನಾನು? ಅದು ನಿನ್ನ ತಪ್ಪು ಸಿದ್ದೂ. ಅವತ್ತೇ ಹೇಳ್ಬೇಕಿತ್ತು. ಖುಷಿಯಾಗಿ ಸುಮ್ಮನಾದೆ."

ಅವನ ಹುಬ್ಬು ಗಂಟಾಯಿತು. ರಸ್ತೆಯ ನಡುವೆಯೇ ನಿಂತ. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದು ಬೈದುಕೊಂಡು ಹೋದ.

"ಖರೇ ಐತಿ," ಅಂದ ಕೊನೆಗೆ. "ತಪ್ಪೈತಿ." ಆಮೇಲೆ ಕೇಳಿದ, "ನಿಮ್ಮಪ್ಪ ಇವತ್ತು ಮನ್ಯಾಗ ಅದಾರೇನು?"

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ದುಪಟ್ಟಾ ಸರಿಪಡಿಸಿಕೊಂಡಳು. "ಏಳು ಗಂಟಿಗೆ ಬರ್ತಾರ."

"ಸರ್ವಿಸ್ ಟೇಬಲ್ಲಿನೋನು ಬಂದಾನ ಅಂತ ಹೇಳ್ತಿಯೇನು?"

"ನೀನೇ ಹೇಳು. ನಿನ್ನ ಕೆಲಸ ನಾ ಇನ್ನ ಮಾಡಂಗಿಲ್ಲ."

ಮೊದಲ ಬಾರಿಗೆ ಅವನ ತುಟಿಯ ಅಂಚು ಸ್ವಲ್ಪ ಸಡಿಲಾಯಿತು. ಹರಪನಹಳ್ಳಿ ಬಸ್ ಬಂತು. ಅವಳು ಹತ್ತಿದಳು, ಅವನೂ ಹತ್ತಿದ. ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಐದು ವರ್ಷದಲ್ಲಿ ಅವರ ಭುಜಕ್ಕೆ ಭುಜ ತಾಗಿದ್ದು ಅದೇ ಮೊದಲು, ಇಬ್ಬರೂ ಕಿಟಕಿಯ ಹೊರಗೆ ಮೆಕ್ಕೆಜೋಳದ ಹೊಲಗಳನ್ನೇ ಬಹಳ ಮುತುವರ್ಜಿಯಿಂದ ನೋಡಿದರು.

ಕಂಡಕ್ಟರ್ ಬಂದ. ಅವಳಿಗೆ ಹೆಂಗಸರ ಫ್ರೀ ಟಿಕೆಟ್ ಹರಿದು ಕೊಟ್ಟು, ಅವನಿಂದ ದುಡ್ಡು ಇಸಿದುಕೊಂಡು ಇನ್ನೊಂದು ಟಿಕೆಟ್ ಚಾಚಿದ. ಅದನ್ನು ಹಿಡಿಯಲು ಹೋದ ಸಿದ್ದಲಿಂಗನ ಬೆರಳು ನಡುಗಿತು. ತೆಳು ಕಾಗದ ಜಾರಿ ಕಾಲ ಬಳಿ ಬಿತ್ತು. ಅವನಿಗೆ ಗೊತ್ತಾಗಲಿಲ್ಲ.

ಕೋಮಲಾಳ ಕೈ ತಾನಾಗಿ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿಟ್ಟು, ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದಳು.

"ಟಿಕೆಟ್ ಬಿದ್ದೈತಿ ನೋಡು," ಅಂದಳು.

ಅವನು ಅವಳ ಕಡೆ ನೋಡಿದ, ಅವಳ ಮಡಿಲಲ್ಲಿದ್ದ ಕೈಗಳ ಕಡೆಯೂ ನೋಡಿದ. ಆಮೇಲೆ ಬಗ್ಗಿದ. ಬಸ್ಸು ಕುಲುಕುತ್ತಿತ್ತು. ಕಾಗದ ಒಂದು ಸಲ ಬೆರಳಿಗೆ ಸಿಗಲಿಲ್ಲ, ಇನ್ನೊಂದು ಸಲವೂ ಸಿಗಲಿಲ್ಲ. ಮೂರನೆಯ ಸಲ ಅವನು ಅದನ್ನು ಎತ್ತಿಕೊಂಡು ಜೇಬಿಗೆ ಹಾಕಿದ.